8ನೇ ಕ್ಲಾಸ್, ಮೊದಲ ಪಿಯುಸಿ: ಜೂನ್‌ಗೆ ಮೊದಲು ಏನೇನು ತರಬೇಕು, ಎಲ್ಲಿ ಇಡಬೇಕು?

ಸೇಡಂ ರೋಡ್ ಮಮ್ಮಿ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಮಗ ಈ ವರ್ಷ 8ನೇ ಕ್ಲಾಸು, ಮಗಳು ಮೊದಲ ಪಿಯುಸಿ ಸೈನ್ಸ್. ಮಗನ ಶಾಲೆಯಿಂದ ಪಟ್ಟಿ ಬಂದಿದೆ. ಆರು ವಿಷಯಕ್ಕೆ 200 ಪುಟದ ಲಾಂಗ್ ನೋಟ್‌ಬುಕ್ ಎರಡೆರಡು. ಅದರ ಮೇಲೆ ಗ್ರಾಫ್ ಬುಕ್, ಡ್ರಾಯಿಂಗ್ ಬುಕ್, ಕಂಪಾಸ್ ಬಾಕ್ಸ್, ಸ್ಕೆಚ್ ಪೆನ್, ಬ್ರೌನ್ ಪೇಪರ್ ರೋಲ್, ಲೇಬಲ್. ಇದೆಲ್ಲ ಸೇರಿಸಿ ಶಾಲೆಯಲ್ಲೇ ಕಿಟ್ ಮಾಡಿ ಮಾರುತ್ತಾರಂತೆ. "ಇಲ್ಲೇ ತಗೊಂಡರೆ ನಿಮಗೇ ಅನುಕೂಲ" ಅಂತ ಫೋನಿನಲ್ಲಿ ಹೇಳಿದರು. ರೇಟು ಕೇಳಿ ಸುಮ್ಮನೆ ಫೋನ್ ಇಟ್ಟೆ. ಮಗಳ ಕಾಲೇಜಿನವರು ಮಾತ್ರ ಏನೂ ಹೇಳಿಲ್ಲ, ಅದೂ ಒಂದು ಚಿಂತೆ.

ನಮ್ಮದು ಎರಡು ಕೋಣೆಯ ಮನೆ. ಓದುವ ಟೇಬಲ್ ಒಂದೇ, ಅದಕ್ಕೆ ದಿನಾ ಜಗಳ. ಹೋದ ವರ್ಷದ ಅರ್ಧ ಖಾಲಿ ವಹಿಗಳು ಮಂಚದ ಕೆಳಗೆ ಬಿದ್ದಿವೆ. ರಾತ್ರಿ ಹತ್ತು ಗಂಟೆಗೆ "ಮಮ್ಮಿ, ನನ್ನ ಸಮಾಜ ವಹಿ ಎಲ್ಲಿ?" ಅಂತ ಶುರುವಾಗುತ್ತದೆ. ಏನು ತರಲಿ, ಎಷ್ಟು ತರಲಿ, ಹೇಗೆ ಇಡಲಿ? ಅನುಭವ ಇದ್ದವರು ಹೇಳಿ.

ವಹಿ ಅಂಗಡಿ (ಕಲಬುರಗಿ, ಸೂಪರ್ ಮಾರ್ಕೆಟ್)

ಅಕ್ಕಾ, ನಾನು ಅಂಗಡಿ ಇಟ್ಟವನು. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಕಳೆದೇ ಕೇಳಿ. ಆದರೂ ಹೇಳುತ್ತೇನೆ, ಪಟ್ಟಿ ಹಿಡಿದುಕೊಂಡು ಬಂದು ಒಂದೇ ಸಲ ಎಲ್ಲಾ ಒಯ್ಯಬೇಡಿ. ಜೂನ್ ತಿಂಗಳಿಗೆ ವಿಷಯಕ್ಕೆ ಒಂದು ವಹಿ ಸಾಕು. ಎರಡನೆಯದು ಬೇಕೋ ಬೇಡವೋ ಅನ್ನುವುದು ದಸರಾ ಹೊತ್ತಿಗೆ ಗೊತ್ತಾಗುತ್ತದೆ. ಹಿಂದಿ ವಹಿ ಅರ್ಧಕ್ಕೇ ನಿಂತಿರುತ್ತದೆ, ಗಣಿತದ್ದು ಮೂರನೆಯದು ನಡೆಯುತ್ತಿರುತ್ತದೆ. ಪ್ರತಿ ವರ್ಷ ಇದೇ ಕಥೆ.

ವಹಿ ಕೊಳ್ಳುವಾಗ ಮುಖಪುಟದ ಚಿತ್ರ ನೋಡಬೇಡಿ, ಹಿಂದೆ ತಿರುಗಿಸಿ. ಸಣ್ಣ ಅಕ್ಷರದಲ್ಲಿ ಪುಟ, ಅಳತೆ, ಬೆಲೆ ಬರೆದಿರುತ್ತದೆ. ನಾವೆಲ್ಲ "ಇನ್ನೂರು ಪುಟದ್ದು" ಅಂತ ಕೇಳುತ್ತೇವೆ, ಕೈಗೆ ಬರುವುದು 180 ಅಥವಾ 172. ಅದರಲ್ಲೂ ಇಂಡೆಕ್ಸ್ ಪುಟ, ಅಚ್ಚು ಹಾಕಿದ ಪುಟ ಸೇರಿಸಿ ಎಣಿಸಿರುತ್ತಾರೆ. ಬೆಲೆಯನ್ನು ಪುಟದ ಲೆಕ್ಕದಲ್ಲಿ ಭಾಗಿಸಿ ನೋಡಿ. ಕಡಿಮೆ ಬೆಲೆ ಅಂತ ಎತ್ತಿಕೊಂಡದ್ದು ದುಬಾರಿ ಆಗಿರುತ್ತದೆ.

ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಶಾರ್ಪ್‌ನರ್, ಕ್ರೇಯಾನ್, ಮ್ಯಾಪ್ ಇವಕ್ಕೆ ಜಿಎಸ್‌ಟಿ ಇಲ್ಲ. ಕಂಪಾಸ್ ಬಾಕ್ಸ್‌ಗೆ 12 ಇದ್ದದ್ದು 5 ಪರ್ಸೆಂಟ್ ಆಗಿದೆ. ಪೆನ್ನಿಗೆ ಮಾತ್ರ ಇಳಿದಿಲ್ಲ. ಕಿಟ್ ಮಾರುವವರ ಹತ್ತಿರ ಬಿಡಿ ಬಿಡಿ ಬಿಲ್ ಕೇಳಿ. ಯಾವುದಕ್ಕೆ ಎಷ್ಟು ಹಾಕಿದ್ದಾರೆ ಅಂತ ಕಾಣಿಸುತ್ತದೆ.

ಗಣಿತದ ಸರ್ (ಚಿತ್ತಾಪುರ ತಾಲೂಕು)

ಹೈಸ್ಕೂಲ್ ಮಾಸ್ತರನಾಗಿ ಎರಡು ಮಾತು.

ಶಾಲೆಯವರು ಎರಡೆರಡು ವಹಿ ಕೇಳುವುದಕ್ಕೆ ಕಾರಣ ಇಲ್ಲದೇ ಇಲ್ಲ. ಒಂದು ಕ್ಲಾಸ್‌ವರ್ಕ್, ಒಂದು ಹೋಂವರ್ಕ್. ತಿದ್ದಲಿಕ್ಕೆ ಒಂದು ನಮ್ಮ ಹತ್ತಿರ ಇದ್ದಾಗ ಹುಡುಗ ಇನ್ನೊಂದರಲ್ಲಿ ಬರೆಯಬಹುದು. ಅದು ಸರಿ. ಆದರೆ ಎರಡೂ 200 ಪುಟದ ಲಾಂಗ್ ಯಾಕೆ? ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಲೆಕ್ಕ ಹಾಕಿ ತೋರಿಸುತ್ತೇನೆ. ಲಾಂಗ್ ವಹಿ ಅಂದರೆ ಹೆಚ್ಚುಕಡಿಮೆ ಎ4 ಅಳತೆ, 29.7 × 21 ಸೆಂಮೀ. 200 ಪುಟ ಅಂದರೆ 100 ಹಾಳೆ. ಒಂದು ಚದರ ಮೀಟರ್‌ಗೆ 58 ಗ್ರಾಂ ತೂಗುವ ಕಾಗದ ಅಂತ ಇಟ್ಟುಕೊಳ್ಳಿ, ಒಂದು ವಹಿ ಸುಮಾರು 360 ಗ್ರಾಂ, ರಟ್ಟು ಬಿಟ್ಟು. ಅದೇ ಕಿಂಗ್ ಸೈಜ್, 24 × 18 ಸೆಂಮೀ ಆದರೆ 250 ಗ್ರಾಂ. ಕಿಂಗ್ ಸೈಜ್‌ನಲ್ಲೇ 100 ಪುಟದ್ದು ತಗೊಂಡರೆ 125 ಗ್ರಾಂ. ಆರು ವಿಷಯಕ್ಕೆ ಗುಣಿಸಿ. ಲಾಂಗ್ ಆದರೆ ವಹಿಯೊಂದೇ ಎರಡು ಕೆಜಿ ದಾಟುತ್ತದೆ, ಸಣ್ಣದಾದರೆ ಮುಕ್ಕಾಲು ಕೆಜಿ.

2019ರಲ್ಲಿ ಶಿಕ್ಷಣ ಇಲಾಖೆ ಬ್ಯಾಗಿನ ತೂಕದ ಬಗ್ಗೆ ಸುತ್ತೋಲೆ ಹೊರಡಿಸಿತ್ತು. 1-2ನೇ ತರಗತಿಗೆ ಒಂದೂವರೆಯಿಂದ 2 ಕೆಜಿ, 3ರಿಂದ 5ಕ್ಕೆ 2-3, 6ರಿಂದ 8ಕ್ಕೆ 3-4, 9-10ಕ್ಕೆ 4-5 ಕೆಜಿ. ನಿಮ್ಮ ಮಗ 8ನೇ ಕ್ಲಾಸು. ನಾಲ್ಕು ಕೆಜಿಯಲ್ಲಿ ಎರಡು ಕೆಜಿ ಬರೀ ವಹಿಗೇ ಹೋದರೆ ಪಠ್ಯಪುಸ್ತಕ ಎಲ್ಲಿಡುವುದು, ಡಬ್ಬಿ ಎಲ್ಲಿಡುವುದು? ಕ್ಲಾಸ್ ಟೀಚರ್ ಹತ್ತಿರ ಈ ಲೆಕ್ಕ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ. ಜಗಳದ ದನಿ ಬೇಡ, "ಸರ್, ಕಿಂಗ್ ಸೈಜ್ 100 ಪುಟದ್ದು ತರಬಹುದಾ" ಅಂದರೆ ಸಾಕು. ಬಹಳ ಮಂದಿ ಒಪ್ಪುತ್ತಾರೆ. ಗಣಿತಕ್ಕೆ ಮಾತ್ರ ಲಾಂಗ್ ಇರಲಿ. ರೇಖಾಗಣಿತದ ಚಿತ್ರಕ್ಕೆ, ಎರಡು ಕಾಲಂ ಮಾಡಿ ಲೆಕ್ಕ ಬಿಡಿಸಲಿಕ್ಕೆ ಜಾಗ ಬೇಕು.

ಬೀದರ್ ಭಾಯ್

ಸರ್, ಲೆಕ್ಕ ಪಕ್ಕಾ. ಆದರೆ ನೀರಿನ ಬಾಟಲಿ ಮರೆತಿರಿ. ನಮ್ಮ ಕಡೆ ಬಿಸಿಲಿಗೆ ಮಗು ಒಂದು ಲೀಟರ್ ಒಯ್ಯಲೇಬೇಕು. ಅಲ್ಲಿಗೆ ಇನ್ನೊಂದು ಕೆಜಿ. ಸುತ್ತೋಲೆ ಬರೆದವರು ಏಪ್ರಿಲ್‌ನಲ್ಲಿ ಒಮ್ಮೆ ಭಾಲ್ಕಿ ಬಸ್ ಹತ್ತಬೇಕಿತ್ತು 😄

ಬ್ಯಾಗ್ ಬಗ್ಗೆ ನನ್ನದೊಂದು ಸಲಹೆ. ಖಾಲಿ ಬ್ಯಾಗನ್ನೇ ಮೊದಲು ಎತ್ತಿ ನೋಡಿ. ಕಾರ್ಟೂನ್ ಇರುವ, ಗಟ್ಟಿ ಫೋಮ್ ಇರುವ ಬ್ಯಾಗುಗಳು ಖಾಲಿ ಇದ್ದಾಗಲೇ ಭಾರ. ಹೆಗಲಿನ ಪಟ್ಟಿ ಎರಡೂ ಅಗಲ ಇರಬೇಕು. ಪಟ್ಟಿ ಬ್ಯಾಗಿಗೆ ಸೇರುವ ಕಡೆ ಅಡ್ಡ ಹೊಲಿಗೆ ಹಾಕಿದ್ದಾರಾ ನೋಡಿ, ಹರಿಯುವುದು ಯಾವಾಗಲೂ ಅಲ್ಲೇ. ಚೈನು ಹೋದರೆ ಬ್ಯಾಗ್ ಎಸೆಯಬೇಡಿ, ರಿಪೇರಿಯವರು ರನ್ನರ್ ಒಂದನ್ನೇ ಬದಲಿಸಿ ಕೊಡುತ್ತಾರೆ. ಮತ್ತೆ, ಭಾರದ ಪುಸ್ತಕ ಬೆನ್ನಿಗೆ ತಾಗಿ ಇರಲಿ, ಹಗುರದ್ದು ಹೊರಗೆ. ಉಲ್ಟಾ ಇಟ್ಟರೆ ಹುಡುಗ ಹಿಂದಕ್ಕೆ ವಾಲುತ್ತಾನೆ, ಅದನ್ನು ಸರಿಮಾಡಲು ಮುಂದಕ್ಕೆ ಬಾಗುತ್ತಾನೆ.

ತೊಗರಿ ಮನೆ (ಶಹಾಪುರ)

ಎಲ್ಲರೂ ಏನು ತರಬೇಕು ಅಂತ ಹೇಳುತ್ತಿದ್ದೀರಿ. ಯಾವಾಗ ತರಬೇಕು ಅಂತ ಯಾರೂ ಹೇಳಲಿಲ್ಲ.

ನಾವು ಒಕ್ಕಲುತನದವರು. ಜೂನ್ ಬಂತೆಂದರೆ ಬೀಜ, ಗೊಬ್ಬರ, ಬಿತ್ತನೆಯ ಕೂಲಿ ಎಲ್ಲ ಒಮ್ಮೆಲೇ. ಅದೇ ವಾರ ಶಾಲೆಯೂ ಶುರು. ಕೈಯಲ್ಲಿ ರೊಕ್ಕ ಇರದ ತಿಂಗಳು ಅಂದರೆ ಅದೇ. ಅದಕ್ಕೆ ನಾವು ವಹಿ ತರುವುದು ಜನವರಿ-ಫೆಬ್ರುವರಿಯಲ್ಲಿ, ತೊಗರಿ ಮಾರಿದ ಮೇಲೆ. ಮಕ್ಕಳ ಬಟ್ಟೆಗೆ ಅಂತ ಯಾದಗಿರಿಗೆ ಹೋದಾಗ ವಹಿಯನ್ನೂ ಡಜನ್ ಲೆಕ್ಕದಲ್ಲಿ ತಂದು ಟ್ರಂಕಿನಲ್ಲಿ ಇಡುತ್ತೇವೆ. ಆಗ ಅಂಗಡಿಯಲ್ಲಿ ಗದ್ದಲ ಇರುವುದಿಲ್ಲ, ಚೌಕಾಸಿಗೂ ನಿಲ್ಲುತ್ತಾರೆ. ಜೂನ್‌ನಲ್ಲಿ ನಿಂತು ಮಾತಾಡಲಿಕ್ಕೂ ಅವರಿಗೆ ಪುರಸೊತ್ತಿಲ್ಲ.

ತಂದಿಡಬಹುದಾದದ್ದು ಸಿಂಗಲ್ ರೂಲ್ ಕಿಂಗ್ ಸೈಜ್ ಮಾತ್ರ. ಯಾವ ಕ್ಲಾಸಿಗಾದರೂ, ಯಾವ ವಿಷಯಕ್ಕಾದರೂ ಆಗುತ್ತದೆ. ಉಳಿದದ್ದು ಶಾಲೆ ಶುರುವಾದ ಮೇಲೆ.

ವಹಿ ಅಂಗಡಿ (ಕಲಬುರಗಿ, ಸೂಪರ್ ಮಾರ್ಕೆಟ್)

ಈ ಮಾತು ನೂರಕ್ಕೆ ನೂರು ಸರಿ ಅಣ್ಣಾ, ನಮ್ಮ ಗುಟ್ಟು ಹೊರಗೆ ಹಾಕಿಬಿಟ್ಟಿರಿ. ಒಣ ಜಾಗದಲ್ಲಿ ಕಾಗದ ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ. ಬಾಲ್ ಪೆನ್ನೂ ಇಡಬಹುದು, ಅದರ ಇಂಕು ಎಣ್ಣೆಯಂಥದ್ದು, ಬೇಗ ಒಣಗುವುದಿಲ್ಲ. ಜೆಲ್ ಪೆನ್ ಮಾತ್ರ ಡಜನ್ ತಂದು ಇಡಬೇಡಿ. ನೀರಿನ ಇಂಕು, ತುದಿಯಲ್ಲಿ ಒಣಗುತ್ತದೆ. ಸ್ಕೆಚ್ ಪೆನ್ನಿನದೂ ಅದೇ ಹಣೆಬರಹ.

ಅಕ್ಕೋರು (ಗುರುಮಠಕಲ್)

ನಾನು ಸರ್ಕಾರಿ ಶಾಲೆಯಲ್ಲಿ ಕಲಿಸುತ್ತೇನೆ. ನಮ್ಮ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ, ಶೂ-ಸಾಕ್ಸ್ ಸರ್ಕಾರದಿಂದ ಬರುತ್ತದೆ. ವಹಿ, ಪೆನ್ನು ಮನೆಯವರದ್ದೇ. ಜೂನ್‌ನಲ್ಲಿ ಎಷ್ಟೋ ಮನೆಯವರು ದುಡಿಯಲಿಕ್ಕೆ ಬೆಂಗಳೂರಿಗೋ ಮುಂಬೈಗೋ ಹೋಗಿರುತ್ತಾರೆ. ಮಕ್ಕಳು ಅಜ್ಜಿ ಹತ್ತಿರ. ಅಜ್ಜಿಗೆ ಫೋರ್ ಲೈನ್ ಯಾವುದು, ಚೌಕುಳಿ ಯಾವುದು ಅಂತ ಯಾರು ಹೇಳಬೇಕು?

ಹುಟ್ಟುಹಬ್ಬಕ್ಕೆ ಅಂತ ವಹಿ ಹಂಚುವ ಮುಖಂಡರಿಗೆ ನನ್ನದೊಂದು ಬಿನ್ನಹ. ನಿಮ್ಮ ಫೋಟೋ ಮುಖಪುಟದಲ್ಲಿ ಇರಲಿ, ನಮ್ಮದೇನೂ ತಕರಾರಿಲ್ಲ. ಆದರೆ ತರುವ ಮೊದಲು ಹೆಡ್ ಮಾಸ್ತರರನ್ನು ಒಂದು ಮಾತು ಕೇಳಿ. ಎಲ್ಲರೂ ಸಿಂಗಲ್ ರೂಲ್ ಕೊಡುತ್ತಾರೆ. ಒಂದರಿಂದ ಮೂರನೇ ಕ್ಲಾಸಿನವರಿಗೆ ಇಂಗ್ಲಿಷ್ ಬರೆಯಲು ಫೋರ್ ಲೈನ್ ಬೇಕು, ಲೆಕ್ಕಕ್ಕೆ ಚೌಕುಳಿ ಬೇಕು. ಅವೆರಡನ್ನು ಯಾರೂ ಕೊಡುವುದಿಲ್ಲ. ಮಕ್ಕಳು ಸಿಂಗಲ್ ರೂಲ್ ಮೇಲೆ ಪಟ್ಟಿ ಹಿಡಿದು ಉದ್ದುದ್ದ ಗೆರೆ ಎಳೆದು ಚೌಕ ಮಾಡಿಕೊಳ್ಳುತ್ತಾರೆ. ಅರ್ಧ ಪೀರಿಯಡ್ ಅದಕ್ಕೇ ಹೋಗುತ್ತದೆ.

ಹಾಸ್ಟೆಲ್ ಹುಡುಗಿ (ಕಲಬುರಗಿ, ಊರು ಆಳಂದ)

ಸೇಡಂ ರೋಡ್ ಆಂಟಿ, ನಿಮ್ಮ ಮಗಳ ವಿಷಯ ನಾನು ಹೇಳುತ್ತೇನೆ. ನನ್ನದು ಈಗ ಎರಡನೇ ಪಿಯುಸಿ.

ಕಾಲೇಜಿನವರು ಏನೂ ಹೇಳದಿದ್ದರೆ ಒಳ್ಳೆಯದೇ, ಮೊದಲ ವಾರ ಏನೂ ತರಬೇಡಿ. ಒಂದು ರಫ್ ವಹಿ, ಎರಡು ಪೆನ್ನು ಸಾಕು. ಪ್ರತಿ ಲೆಕ್ಚರರ್ ಬಂದು ತಮ್ಮದೇ ಬೇರೆ ಕ್ರಮ ಹೇಳುತ್ತಾರೆ. ಫಿಸಿಕ್ಸ್‌ನವರು ಥಿಯರಿಗೊಂದು ಪ್ರಾಬ್ಲಂಗೊಂದು ಅನ್ನುತ್ತಾರೆ, ಕೆಮಿಸ್ಟ್ರಿಯವರು ಒಂದೇ ಸಾಕು ಅನ್ನುತ್ತಾರೆ.

ಬೇಗ ತಗೊಳ್ಳಬೇಕಾದದ್ದು ಪ್ರಾಕ್ಟಿಕಲ್ ರೆಕಾರ್ಡ್. ಸೈನ್ಸ್ ವಿಷಯಕ್ಕೆ ಥಿಯರಿ 70, ಪ್ರಾಕ್ಟಿಕಲ್ 30. ಆ ಮೂವತ್ತರಲ್ಲಿ ರೆಕಾರ್ಡಿಗೂ ಅಂಕ ಇದೆ. ವರ್ಷದ ಕೊನೆಗೆ ಒಂದೇ ರಾತ್ರಿ ಕೂತು ಬರೆಯುವವರನ್ನು ನಮ್ಮ ಹಾಸ್ಟೆಲ್‌ನಲ್ಲಿ ಬಂದು ನೋಡಿ, ಅಳುತ್ತಾ ಬರೆಯುತ್ತಾರೆ. ಬಯಾಲಜಿ ರೆಕಾರ್ಡಿನಲ್ಲಿ ಒಂದು ಬದಿ ಗೆರೆ, ಒಂದು ಬದಿ ಖಾಲಿ ಇರುತ್ತದೆ. ಖಾಲಿ ಬದಿಯ ಕಾಗದ ದಪ್ಪ ಇದ್ದದ್ದು ನೋಡಿ ಆರಿಸಿ, ಚಿತ್ರ ಅಳಿಸಿ ಬರೆದರೆ ತೆಳು ಕಾಗದ ಜುಂಗು ಏಳುತ್ತದೆ. ಎಚ್‌ಬಿ ಪೆನ್ಸಿಲ್ ಸಾಕು. 2ಬಿ ಕಪ್ಪಗೆ ಚೆಂದ ಕಾಣುತ್ತದೆ ಅಂತ ತಗೊಂಡರೆ ಎದುರು ಪುಟಕ್ಕೆಲ್ಲ ಒರೆಸಿಕೊಳ್ಳುತ್ತದೆ. ಲ್ಯಾಬಿಗೆ ಕ್ಯಾಲ್ಕುಲೇಟರ್ ಬದಲು ಕ್ಲಾರ್ಕ್ಸ್ ಟೇಬಲ್, ಅಂದರೆ ಲಾಗರಿದಮ್ ಕೋಷ್ಟಕದ ಪುಸ್ತಕ ಬೇಕು. ಅದನ್ನು ಸೀನಿಯರ್ ಹತ್ತಿರ ಕೇಳಿ, ಎಲ್ಲರ ಮನೆಯಲ್ಲೂ ಸುಮ್ನೆ ಬಿದ್ದಿರುತ್ತದೆ.

ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ ಪುಸ್ತಕ ಎನ್‌ಸಿಇಆರ್‌ಟಿಯದ್ದೇ. ಅವರ ವೆಬ್‌ಸೈಟಿನಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಮನೆಯಲ್ಲಿ ಪುಸ್ತಕ, ಕಾಲೇಜಿನಲ್ಲಿ ಬೇಕಾದ ಪಾಠ ಮಾತ್ರ ಫೋನಿನಲ್ಲಿ. ಬಸ್ಸಿನಲ್ಲಿ ನಿಂತು ಬರುವವರಿಗೆ ಇದು ದೊಡ್ಡ ಆರಾಮ. ಈಗ ಹುಡುಗಿಯರಿಗೆ ಟಿಕೆಟ್ ಇಲ್ಲ, ಆದರೆ ಸೀಟೂ ಇಲ್ಲ!

ಪಿಡಿಒ ಕನಸು (ಜೇವರ್ಗಿ)

ನನ್ನ ಅಭಿಪ್ರಾಯದಲ್ಲಿ ಪಿಯುಸಿ ಮೇಲಿನವರು ಹೊಲಿದ ವಹಿಯನ್ನೇ ಬಿಡಬೇಕು. ಎ4 ರೀಮ್ ತನ್ನಿ, 500 ಹಾಳೆ. ಪಂಚಿಂಗ್ ಮಷಿನ್, ಎರಡು ತೂತಿನ ಫೈಲು. ಎರಡೂ ಬದಿ ಬರೆಯಿರಿ. ಹೊಸ ವಿಷಯ ಸಿಕ್ಕರೆ ನಡುವೆ ಒಂದು ಹಾಳೆ ಸೇರಿಸಬಹುದು, ವಹಿಯಲ್ಲಿ ಅದು ಆಗುವುದಿಲ್ಲ. ನಾನು ಸಂವಿಧಾನದ ನೋಟ್ಸ್ ಹೀಗೇ ಮಾಡಿದ್ದು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಬಗ್ಗೆ ಪೇಪರಿನಲ್ಲಿ ಏನಾದರೂ ಬಂದರೆ ಕತ್ತರಿಸಿ ಅದೇ ಹಾಳೆಯ ಹಿಂದೆ ಅಂಟಿಸುತ್ತೇನೆ. ಇಲ್ಲದಿದ್ದರೆ ನಾಲ್ಕು ವಹಿಯಲ್ಲಿ ನಾಲ್ಕು ತುಂಡು.

ಹಾಸ್ಟೆಲ್ ಹುಡುಗಿ

ಅಣ್ಣಾ, ನಿಮ್ಮ ರೂಮಿನಲ್ಲಿ ಫ್ಯಾನ್ ಇಲ್ವಾ? 😂 ನಮ್ಮಲ್ಲಿ ಐದನೇ ನಂಬರಿನಲ್ಲಿ ತಿರುಗುತ್ತಿರುತ್ತದೆ. ಫೈಲು ಬಿಚ್ಚಿದರೆ ಥರ್ಮೋಡೈನಮಿಕ್ಸ್ ಪಕ್ಕದ ಮಂಚಕ್ಕೆ ಹೋಗುತ್ತದೆ.

ಪಿಡಿಒ ಕನಸು

ಪುಟದ ನಂಬರ್ ಹಾಕಮ್ಮಾ, ಹಾರಿದರೂ ವಾಪಸ್ ಸಿಗುತ್ತದೆ. ಆದರೆ ಶಾಲೆ ಮಕ್ಕಳಿಗೆ ಬಿಡಿ ಹಾಳೆ ಬೇಡ ಅನ್ನುವುದು ಒಪ್ಪುತ್ತೇನೆ.

ಇನ್ನೊಂದು ಮಾತು, ಸಿಇಟಿ ಬರೆಯುವವರು ಓಎಂಆರ್ ಉತ್ತರ ಹಾಳೆಯ ಗುಂಡಿ ತುಂಬುವುದನ್ನು ಬಾಲ್ ಪೆನ್ನಿನಲ್ಲೇ ರೂಢಿ ಮಾಡಿಕೊಳ್ಳಬೇಕು. ವರ್ಷವಿಡೀ ಜೆಲ್‌ನಲ್ಲಿ ಬರೆದು ಆ ದಿನ ಬಾಲ್ ಹಿಡಿದರೆ ಕೈ ತಡವರಿಸುತ್ತದೆ. ನೀಟ್‌ಗಾದರೆ ಪೆನ್ನು ಹಾಲಿನಲ್ಲೇ ಕೊಡುತ್ತಾರೆ, ಅದೂ ಬಾಲ್ ಪೆನ್ನೇ.

ಎಡಗೈ ಅಪ್ಪ (ಹುಮನಾಬಾದ್)

ಜೆಲ್ ಪೆನ್ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ನನ್ನ ಮಗಳು ಎಡಗೈಯಲ್ಲಿ ಬರೆಯುತ್ತಾಳೆ. ಬರೆದ ಅಕ್ಷರದ ಮೇಲೇ ಕೈ ಸರಿದು ಹೋಗುತ್ತದೆ. ಜೆಲ್ ಇಂಕು ಅಷ್ಟು ಬೇಗ ಆರುವುದಿಲ್ಲ, ಅಂಗೈ ಅಂಚೆಲ್ಲ ನೀಲಿ. ಅಂಥ ಮಕ್ಕಳಿಗೆ ಬಾಲ್ ಪೆನ್ ಕೊಡಿ. ಸ್ಪೈರಲ್ ವಹಿ ಬೇಡವೇ ಬೇಡ, ತಂತಿ ಸರಿಯಾಗಿ ಎಡಗೈ ಕೆಳಗೇ ಬರುತ್ತದೆ. ತಂತಿ ಮೇಲ್ಗಡೆ ಇರುವ ವಹಿಯಾದರೆ ನಡೆಯುತ್ತದೆ. ಬೆಂಚಿನಲ್ಲಿ ಎಡ ತುದಿಗೆ ಕೂರಿಸಲು ಟೀಚರಿಗೆ ಹೇಳಿ, ಇಲ್ಲದಿದ್ದರೆ ಪಕ್ಕದವಳ ಮೊಣಕೈ ಜೊತೆ ದಿನಾ ಕುಸ್ತಿ. ಮನೆಯ ಹಿರಿಯರು ಪೆನ್ನು ಬಲಗೈಗೆ ಬದಲಿಸಲು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ವಹಿ ಅಂಗಡಿ

ಕಂಪಾಸ್ ಬಾಕ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನು ಮುಚ್ಚಳ ನೋಡಿ ತಗೊಳ್ಳುವವರೇ ಜಾಸ್ತಿ. ಅಂಗಡಿಯಲ್ಲೇ ಕೈವಾರಕ್ಕೆ ಪೆನ್ಸಿಲ್ ಹಾಕಿ ಒಂದು ವೃತ್ತ ಎಳೆದು ನೋಡಿ. ಶುರು ಮಾಡಿದ ಕಡೆಗೇ ಬಂದು ಸೇರಬೇಕು. ಸೇರದಿದ್ದರೆ ತಿರುಗಣಿ ಸಡಿಲ ಇದೆ ಅಂತ, ಆ ಡಬ್ಬಿ ಬೇಡ. ಕೋನಮಾಪಕದಲ್ಲಿ ಅಂಕಿ ಕೆತ್ತಿದಂತೆ ಇರಬೇಕು. ಬರೀ ಅಚ್ಚಾದರೆ ದೀಪಾವಳಿಗೆ ಅಳಿಸಿ ಹೋಗಿರುತ್ತದೆ.

ರಬ್ಬರ್‌ನ ಕಾಗದದ ಹೊದಿಕೆ ಕಿತ್ತು ಎಸೆಯಬೇಡಿ. ಬರೀ ರಬ್ಬರ್ ಪ್ಲಾಸ್ಟಿಕ್ ಸ್ಕೇಲಿಗೆ ತಾಗಿಕೊಂಡು ವಾರಗಟ್ಟಲೆ ಇದ್ದರೆ ಎರಡೂ ಅಂಟಿಕೊಳ್ಳುತ್ತವೆ. ರಬ್ಬರ್ ಮೆತ್ತಗಿರಲು ಸೇರಿಸಿದ ಎಣ್ಣೆಯಂಥ ಪದಾರ್ಥ ಹೊರಬಂದು ಸ್ಕೇಲನ್ನು ಕರಗಿಸುತ್ತದೆ. ಕಿತ್ತು ತೆಗೆದರೆ ಸ್ಕೇಲಿನ ಮೇಲೆ ರಬ್ಬರಿನ ಆಕಾರದ ಗುಳಿ. ಗಿರಾಕಿಗಳು ತಂದು "ಡುಪ್ಲಿಕೇಟ್ ಸ್ಕೇಲ್ ಕೊಟ್ಟೀರಿ" ಅಂತ ಬೈಯುತ್ತಾರೆ. ಬಿಸಿಲಲ್ಲಿ ಇದು ಇನ್ನೂ ಬೇಗ.

ನಟರಾಜ್ ಒಳ್ಳೆಯದಾ ಅಪ್ಸರಾ ಒಳ್ಳೆಯದಾ ಅಂತ ನಿನ್ನೆಯೂ ಇಬ್ಬರು ಅಂಗಡಿ ಮುಂದೆ ವಾದ ಮಾಡಿದರು. ಎರಡೂ ಒಂದೇ ಕಂಪನಿಯದು ಸ್ವಾಮಿ, ಹಿಂದೂಸ್ತಾನ್ ಪೆನ್ಸಿಲ್ಸ್.

ಸೇಡಂ ರೋಡ್ ಮಮ್ಮಿ

ಎಲ್ಲರಿಗೂ ಬಹಳ ಥ್ಯಾಂಕ್ಸ್. ಗಣಿತದ ಸರ್ ಲೆಕ್ಕವನ್ನು ಹಾಗೇ ಚೀಟಿಯಲ್ಲಿ ಬರೆದುಕೊಂಡೆ. ಇಡುವುದರ ಬಗ್ಗೆ ಇನ್ನೂ ಉತ್ತರ ಬಂದಿಲ್ಲ. ನಮ್ಮ ಮನೆ ಹಳೆಯದು. ಗೋಡೆಯಲ್ಲಿ ಶಹಾಬಾದ್ ಕಲ್ಲಿನ ಹಲಗೆ ಹಾಕಿದ ಗೂಡು ಇದೆ. ಈಗ ಅದರಲ್ಲಿ ಹಳೇ ಪಾತ್ರೆ ಇವೆ. ಅಲ್ಲಿ ಪುಸ್ತಕ ಇಡಬಹುದಾ? ಗೆದ್ದಲಿನ ಹೆದರಿಕೆ.

ಅಕ್ಕೋರು (ಗುರುಮಠಕಲ್)

ಕಲ್ಲಿನ ಗೂಡು ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಪಾತ್ರೆ ಅಟ್ಟಕ್ಕೆ ಕಳಿಸಿ. ಗೆದ್ದಲು ಕಲ್ಲು ತಿನ್ನುವುದಿಲ್ಲ, ಗೋಡೆಯ ಮಣ್ಣಿನಿಂದ ಬರುತ್ತದೆ. ಹಾಗಾಗಿ ಪುಸ್ತಕ ಹಿಂದಿನ ಗೋಡೆಗೆ ತಾಗಬಾರದು, ನಾಲ್ಕು ಬೆರಳು ಜಾಗ ಬಿಡಿ. ಮಲಗಿಸಿ ಅಡಕಬೇಡಿ, ನಿಲ್ಲಿಸಿ ಇಡಿ. ಅಡಕಿದರೆ ಕೆಳಗಿನದು ಎಳೆಯುವಾಗ ಮೇಲಿನದೆಲ್ಲ ಬೀಳುತ್ತದೆ, ಮಗ ಎಳೆಯುವುದನ್ನೇ ಬಿಡುತ್ತಾನೆ. ವಾರಕ್ಕೊಮ್ಮೆ ಹಿಂದೆ ಕೈಯಾಡಿಸಿ. ಮಣ್ಣಿನ ಗೆರೆ ಕಂಡರೆ ಅಂದೇ ಕೆರೆದು ಹಾಕಿ.

ನಾನು ನನ್ನ ಮಕ್ಕಳಿಗೆ ವಿಷಯಕ್ಕೊಂದು ಬಟ್ಟೆಯ ಚೀಲ ಹೊಲಿಸಿದ್ದೇನೆ. ಹಳೇ ಸೀರೆ, ಹಳೇ ಪ್ಯಾಂಟು ಯಾವುದಾದರೂ ಆಯಿತು. ವಿಜ್ಞಾನದ ಚೀಲದಲ್ಲಿ ವಿಜ್ಞಾನದ ಪುಸ್ತಕ, ಎರಡು ವಹಿ, ಇಷ್ಟೇ. ರಾತ್ರಿ ಟೈಮ್‌ಟೇಬಲ್ ನೋಡಿ ನಾಳೆಯ ಚೀಲಗಳನ್ನು ಬ್ಯಾಗಿಗೆ ಇಳಿಸುವುದು. ಬೇರೆ ಬೇರೆ ಬಣ್ಣ ಇದ್ದರೆ ಹೆಸರು ಬರೆಯುವ ಕೆಲಸವೂ ಇಲ್ಲ. ಮುಖ್ಯ ಮಾತು, ಬ್ಯಾಗ್ ತುಂಬುವುದು ಮಗನೇ. ನೀವು ತುಂಬಿಕೊಟ್ಟರೆ ಸಮಾಜ ವಹಿ ಎಲ್ಲಿದೆ ಅಂತ ಅವನಿಗೆ ಪಿಯುಸಿ ಬಂದರೂ ಗೊತ್ತಾಗುವುದಿಲ್ಲ.

ತೊಗರಿ ಮನೆ (ಶಹಾಪುರ)

ಮಂಚದ ಕೆಳಗಿನ ಅರ್ಧ ಖಾಲಿ ವಹಿಗೆ: ಖಾಲಿ ಹಾಳೆ ಒಂದೊಂದೇ ಹರಿಯಬೇಡಿ. ನಡುವೆ ಪಿನ್ ಹೊಡೆದ ವಹಿಯಲ್ಲಿ ಒಂದು ಹಾಳೆ ಹರಿದರೆ ಇನ್ನೊಂದು ಬದಿಯ ಜೋಡಿ ಹಾಳೆಯೂ ಸಡಿಲ ಆಗುತ್ತದೆ. ಪಿನ್ ಬಿಚ್ಚಿ ಜೋಡಿಯಾಗಿಯೇ ತೆಗೆಯಿರಿ. ಎಲ್ಲ ಸೇರಿಸಿ ಬೈಂಡಿಂಗ್‌ನವರ ಹತ್ತಿರ ಕೊಟ್ಟರೆ ದಪ್ಪ ರಟ್ಟು ಹಾಕಿ ಹೊಲಿದು ಕೊಡುತ್ತಾರೆ. ಎರಡು ಮಕ್ಕಳ ವರ್ಷದ ರಫ್ ವಹಿ ಆಯಿತು. ಬರೆದ ಹಾಳೆ ರದ್ದಿಗೆ.

ಬೀದರ್ ಭಾಯ್

ಬ್ರೌನ್ ಪೇಪರ್ ಮೇಲೆ ಪ್ಲಾಸ್ಟಿಕ್ ಕವರ್ ಹಾಕಬೇಕಾ ಬೇಡವಾ? ನಮ್ಮ ಮನೆಯಲ್ಲಿ ಇದಕ್ಕೇ ಎರಡು ಪಾರ್ಟಿ.

ಗಣಿತದ ಸರ್ (ಚಿತ್ತಾಪುರ ತಾಲೂಕು)

ಬೇಡ. ನಮ್ಮ ಬಿಸಿಲಿಗೆ ತೆಳು ಪ್ಲಾಸ್ಟಿಕ್ ಅಚ್ಚಿನ ಬಣ್ಣಕ್ಕೆ ಅಂಟುತ್ತದೆ, ಸೆಲ್ಲೋಟೇಪಿನ ಗೋಂದು ಕರಗಿ ಪಕ್ಕದ ವಹಿಗೂ ಮೆತ್ತುತ್ತದೆ. ಹಳೇ ಕ್ಯಾಲೆಂಡರ್ ಹಾಳೆ ಬಿಳಿ ಬದಿ ಹೊರಗೆ ಮಾಡಿ ಹಾಕಿ, ಹೆಸರು ದಪ್ಪಗೆ ಕಾಣುತ್ತದೆ. ನನ್ನ ಕ್ಲಾಸಿನಲ್ಲಿ ಅದಕ್ಕೆ ಯಾವ ಆಕ್ಷೇಪವೂ ಇಲ್ಲ.

ಸೇಡಂ ರೋಡ್ ಮಮ್ಮಿ

ಕ್ಲಾಸ್ ಟೀಚರನ್ನು ಇವತ್ತು ಭೇಟಿ ಮಾಡಿ ಬಂದೆ. ಚೀಟಿ ನೋಡಿ ನಕ್ಕರು. ಗಣಿತ, ವಿಜ್ಞಾನಕ್ಕೆ ಲಾಂಗ್ ಬೇಕು, ಉಳಿದ ನಾಲ್ಕಕ್ಕೆ ಕಿಂಗ್ ಸೈಜ್ 100 ಪುಟದ್ದು ನಡೆಯುತ್ತದೆ ಅಂದರು. ಕಿಟ್ ಕಡ್ಡಾಯ ಅಲ್ಲವಂತೆ, ಫೋನ್ ಮಾಡಿದವರು ಆಫೀಸಿನವರಂತೆ. ಬ್ರೌನ್ ಪೇಪರ್ ಮಾತ್ರ ಬೇಕೇ ಬೇಕು ಅಂದರು, ಕ್ಯಾಲೆಂಡರ್ ಹಾಳೆಗೆ ಒಪ್ಪಲಿಲ್ಲ.

ವಹಿ ಅಂಗಡಿ ಅಣ್ಣಾ, ಭಾನುವಾರ ತೆರೆದಿರುತ್ತೀರಾ? ಮಗನನ್ನೂ ಕರೆದುಕೊಂಡು ಬರುತ್ತೇನೆ, ವೃತ್ತ ಅವನೇ ಎಳೆದು ನೋಡಲಿ.

ವಹಿ ಅಂಗಡಿ

ಮೇ ಕೊನೆಯ ಎರಡು ಭಾನುವಾರ ತೆರೆದೇ ಇರುತ್ತದೆ ಅಕ್ಕಾ. ಬೆಳಿಗ್ಗೆ ಹನ್ನೊಂದರೊಳಗೆ ಬನ್ನಿ, ಆಮೇಲೆ ಬಿಸಿಲು ಮತ್ತೆ ಗದ್ದಲ. ಬ್ರೌನ್ ಪೇಪರ್ ರೋಲ್ ಬೇಡ, ಬಿಡಿ ಹಾಳೆ ಎಣಿಸಿ ಕೊಡುತ್ತೇನೆ.